ಟ್ಯಾಂಕಿನೊಳಗೆ ಇಳಿದ ಪಂಪು: ಪಿಕಪ್ ಟ್ರಕ್ಕಿನ ಇಂಧನ ಪೂರೈಕೆಯ ಚರಿತ್ರೆ

ಇಂಧನ ಪಂಪಿನ ಕೆಲಸ ಹೇಳಲು ಸುಲಭ: ಟ್ಯಾಂಕಿನಲ್ಲಿರುವ ಪೆಟ್ರೋಲನ್ನೋ ಡೀಸೆಲನ್ನೋ ಎಂಜಿನ್ನಿಗೆ ಬೇಕಾದಷ್ಟು ಪ್ರಮಾಣದಲ್ಲಿ, ಬೇಕಾದಷ್ಟು ಒತ್ತಡದಲ್ಲಿ ತಲುಪಿಸುವುದು. ಪ್ರಮಾಣ, ಒತ್ತಡ ಇವೆರಡರಲ್ಲಿ ಯಾವುದು ಕಡಿಮೆಯಾದರೂ ಗಾಡಿ ಏರಿನಲ್ಲಿ ಜಗ್ಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಮಿಸ್ಸಿಂಗ್ ಹೊಡೆಯುತ್ತದೆ, ಕೊನೆಗೊಂದು ದಿನ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಸರಕು ಹೊರುವ ಪಿಕಪ್ ಟ್ರಕ್ಕಿನಲ್ಲಿ ಈ ದೋಷ ಬೇಗ ಬಯಲಾಗುತ್ತದೆ. ಖಾಲಿ ಓಡುವಾಗ ಸಾಲುವ ಪಂಪು, ಲೋಡ್ ಹೊತ್ತು ಘಾಟಿ ಹತ್ತುವಾಗ ಸಾಲುವುದಿಲ್ಲ. ಸುಮಾರು ನೂರು ವರ್ಷಗಳಲ್ಲಿ ಈ ಪಂಪು ಎಂಜಿನ್ನಿನ ಪಕ್ಕದಿಂದ ಟ್ಯಾಂಕಿನ ಒಳಕ್ಕೆ ಸರಿದಿದೆ. ಅದು ಮೆಕ್ಯಾನಿಕ್‌ನ ಕಣ್ಣಿಗೆ, ಕೈಗೆ ದೂರವಾದಂತೆಲ್ಲ ದೋಷ ಹುಡುಕುವ ಬಗೆಯೂ ಬದಲಾಯಿತು. ಬಿಚ್ಚಿ ರಿಪೇರಿ ಮಾಡುವ ಕಸುಬು, ಅಳತೆ ಮಾಡಿ ತೀರ್ಮಾನಿಸಿ ಹೊಸದನ್ನು ಕೂರಿಸುವ ಕಸುಬಾಯಿತು.

ಪಂಪಿಲ್ಲದ ಕಾಲ

ಕಾರ್ಖಾನೆಯಿಂದಲೇ ಪೂರ್ತಿ ಸಿದ್ಧವಾಗಿ ಬಂದ ಮೊದಲ ಪಿಕಪ್‌ಗಳಲ್ಲಿ ಹೆಸರಾದದ್ದು ಅಮೆರಿಕದ ಫೋರ್ಡ್ ಕಂಪನಿ 1925ರಲ್ಲಿ 281 ಡಾಲರ್ ಬೆಲೆಗೆ ಮಾರಿದ ಮಾಡೆಲ್ ಟಿ ಪಿಕಪ್. ಅದರಲ್ಲಿ ಇಂಧನ ಪಂಪೇ ಇರಲಿಲ್ಲ. ಟ್ಯಾಂಕು ಚಾಲಕನ ಸೀಟಿನ ಕೆಳಗಿತ್ತು. ಪೆಟ್ರೋಲ್ ತನ್ನ ಭಾರದಿಂದಲೇ ಪೈಪಿನಲ್ಲಿ ಇಳಿದು ಕಾರ್ಬ್ಯುರೇಟರ್ ಸೇರುತ್ತಿತ್ತು. ಎಷ್ಟು ಪೆಟ್ರೋಲ್ ಉಳಿದಿದೆ ಎಂದು ನೋಡಲು ಸೀಟಿನ ಮೆತ್ತೆ ಎತ್ತಿ, ಮುಚ್ಚಳ ತೆಗೆದು, ಗುರುತು ಹಾಕಿದ ಕಡ್ಡಿಯೊಂದನ್ನು ಒಳಗೆ ಅದ್ದಬೇಕಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ ಕಡಿದಾದ ಏರು ಎದುರಾದರೆ ಗಾಡಿಯ ಮುಂಭಾಗ ಮೇಲೆದ್ದು, ಕಾರ್ಬ್ಯುರೇಟರು ಟ್ಯಾಂಕಿನ ಮಟ್ಟಕ್ಕಿಂತ ಎತ್ತರವಾಗಿ, ಪೆಟ್ರೋಲ್ ಹರಿಯುವುದೇ ನಿಲ್ಲುತ್ತಿತ್ತು. ಚಾಲಕರು ಗಾಡಿ ತಿರುಗಿಸಿ ರಿವರ್ಸ್ ಗೇರಿನಲ್ಲೇ ಗುಡ್ಡ ಹತ್ತುತ್ತಿದ್ದರು.

ಈ ವ್ಯವಸ್ಥೆಯಲ್ಲಿ ದೋಷ ಹುಡುಕಲು ಬರಿಗಣ್ಣು ಸಾಕಿತ್ತು. ಕಾರ್ಬ್ಯುರೇಟರಿನ ಬಳಿ ಪೈಪು ಬಿಚ್ಚಿದಾಗ ಪೆಟ್ರೋಲ್ ಧಾರೆಯಾಗಿ ಬಿದ್ದರೆ ಪೂರೈಕೆ ಸರಿ ಇದೆ. ತೊಟ್ಟಿಕ್ಕಿದರೆ ಟ್ಯಾಂಕಿನ ಕೆಳಗಿನ ಕೆಸರು ಬಟ್ಟಲಿನಲ್ಲಿ ಕಸ, ತುಕ್ಕು, ನೀರು ಸೇರಿದೆ. ಮೊದಲು ಚೆನ್ನಾಗಿ ಹರಿದು ಆಮೇಲೆ ನಿಂತರೆ ಟ್ಯಾಂಕಿನ ಮುಚ್ಚಳದಲ್ಲಿರುವ ಸಣ್ಣ ಗಾಳಿರಂಧ್ರ ಮುಚ್ಚಿಕೊಂಡಿದೆ ಎಂದರ್ಥ. 1928ರಲ್ಲಿ ಬಂದ ಮಾಡೆಲ್ ಎ ಗಾಡಿಯಲ್ಲಿ ಟ್ಯಾಂಕನ್ನು ಎಂಜಿನ್ನಿಗೂ ಮುಂಗಾಜಿಗೂ ನಡುವೆ, ಇನ್ನೂ ಎತ್ತರದಲ್ಲಿ ಕೂರಿಸಿದರು. ಏರಿನ ತೊಂದರೆ ಇದರಿಂದ ತಗ್ಗಿತು. ಆದರೆ ಚಾಲಕನ ಮೊಣಕಾಲಿನ ಮುಂದೆಯೇ ಪೆಟ್ರೋಲ್ ಟ್ಯಾಂಕು ಇರುವ ಗಾಡಿ ಬಹಳ ಕಾಲ ನಡೆಯುವಂತಿರಲಿಲ್ಲ.

ಟ್ಯಾಂಕನ್ನು ಹಿಂದಕ್ಕೆ, ಚಾಸಿಯ ಮಟ್ಟಕ್ಕೆ ಇಳಿಸಿದರೆ ಪೆಟ್ರೋಲನ್ನು ಮೇಲೆತ್ತಲು ಏನಾದರೂ ಬೇಕು. 1910ರ ದಶಕದಿಂದ ಅಮೆರಿಕದಲ್ಲಿ ಹಬ್ಬಿದ ಉಪಾಯ ವ್ಯಾಕ್ಯೂಮ್ ಟ್ಯಾಂಕ್. ಇದು ಎಂಜಿನ್ನಿನ ಹಿಂದಿನ ತಗಡಿಗೆ ಜೋಡಿಸಿದ ಡಬ್ಬಿ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಈ ಡಬ್ಬಿಗೆ ಸೆಳೆಯುತ್ತಿತ್ತು, ಅಲ್ಲಿಂದ ಅದು ಕಾರ್ಬ್ಯುರೇಟರಿಗೆ ಇಳಿಯುತ್ತಿತ್ತು. ಇದರ ಕೊರತೆ ಕಾಣುತ್ತಿದ್ದುದು ಉದ್ದನೆಯ ಏರಿನಲ್ಲಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಾಗ ಎಂಜಿನ್ನಿನ ನಿರ್ವಾತ ಕುಸಿಯುತ್ತದೆ. ಇಂಧನ ಹೆಚ್ಚು ಬೇಕಾದ ಹೊತ್ತಿನಲ್ಲೇ ಡಬ್ಬಿ ಬರಿದಾಗುತ್ತಿತ್ತು. ನಡುನಡುವೆ ಕಾಲು ಎತ್ತಿ ಡಬ್ಬಿ ತುಂಬಲು ಬಿಡುವುದನ್ನು ಚಾಲಕರು ರೂಢಿಸಿಕೊಂಡರು.

ಎಂಜಿನ್ನಿನ ಪಕ್ಕದ ಡಯಾಫ್ರಂ ಪಂಪು

1920ರ ದಶಕದ ಕೊನೆಗೆ ಬಂದ ಮೆಕ್ಯಾನಿಕಲ್ ಡಯಾಫ್ರಂ ಪಂಪು ಮುಂದಿನ ಅರ್ಧ ಶತಮಾನ ರಸ್ತೆಯನ್ನು ಆಳಿತು. ಅಮೆರಿಕದ ಎಸಿ ಕಂಪನಿಯ ಪಂಪುಗಳು ಈ ಬಗೆಯವು. ಎಂಜಿನ್ನಿನ ಕ್ಯಾಮ್‌ಶಾಫ್ಟ್ ತಿರುಗುವಾಗ ಪಂಪಿನ ಸನ್ನೆಯೊಂದು ಮೇಲೆ ಕೆಳಗೆ ಆಡುತ್ತದೆ. ಸನ್ನೆ ಡಯಾಫ್ರಮ್ಮನ್ನು, ಅಂದರೆ ಬಳುಕುವ ಪದರವನ್ನು, ಕೆಳಗೆಳೆದಾಗ ಒಂದು ವಾಲ್ವ್ ತೆರೆದು ಪೆಟ್ರೋಲ್ ಒಳಬರುತ್ತದೆ. ಸ್ಪ್ರಿಂಗು ಅದನ್ನು ಮೇಲೆ ತಳ್ಳಿದಾಗ ಇನ್ನೊಂದು ವಾಲ್ವ್ ತೆರೆದು ಕಾರ್ಬ್ಯುರೇಟರಿಗೆ ಹೋಗುತ್ತದೆ. ಒತ್ತಡವನ್ನು ನಿರ್ಧರಿಸುವುದು ಈ ಸ್ಪ್ರಿಂಗು. ಕಾರ್ಬ್ಯುರೇಟರು ತುಂಬಿದರೆ ಡಯಾಫ್ರಂ ಕೆಳಗೇ ನಿಲ್ಲುತ್ತದೆ, ಸನ್ನೆ ಮಾತ್ರ ಸುಮ್ಮನೆ ಆಡುತ್ತಿರುತ್ತದೆ. ಹೀಗೆ ಬೇಕಾದಾಗ ಬೇಕಾದಷ್ಟನ್ನೇ ಕೊಡುವ ಗುಣ ಇದರ ರಚನೆಯಲ್ಲೇ ಇತ್ತು. ಇದು ಕೊಡುವ ಒತ್ತಡ ಸುಮಾರು 4ರಿಂದ 7 ಪಿಎಸ್‌ಐ, ಅಂದರೆ ಕಾರಿನ ಟೈರಿಗೆ ಹೊಡೆಸುವ ಗಾಳಿಯ ಐದನೇ ಒಂದು ಪಾಲಿನ ಆಸುಪಾಸು.

ಫೋರ್ಡ್ 1932ರಲ್ಲಿ ವಿ8 ಎಂಜಿನ್ ತಂದಾಗ ಟ್ಯಾಂಕು ಹಿಂದಕ್ಕೆ ಹೋಯಿತು, ಪಂಪು ಎಂಜಿನ್ನಿನ ಮೇಲೆ, ಹಿಂಭಾಗದಲ್ಲಿ ಕೂತಿತು. ಆ ಜಾಗ ವಿಪರೀತ ಬಿಸಿ. ಬೇಸಿಗೆಯಲ್ಲಿ ಪೈಪಿನೊಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತಿತ್ತು. ದ್ರವವನ್ನು ಎಳೆಯಬೇಕಾದ ಪಂಪು ಆವಿಯನ್ನು ಹಿಂಡುತ್ತ ಕೂರುತ್ತಿತ್ತು. ಇದೇ ವೇಪರ್ ಲಾಕ್. ರಸ್ತೆ ಬದಿಯಲ್ಲಿ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುವುದು ಇದಕ್ಕೆ ಎಲ್ಲರೂ ಬಲ್ಲ ಮದ್ದಾಗಿತ್ತು. ಇಂಧನದ ಪೈಪಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸಿದರೆ ಶಾಖ ತಗ್ಗುತ್ತದೆಂಬ ನಂಬಿಕೆ ಅಮೆರಿಕದ ಹಳ್ಳಿಗಾಡಿನಲ್ಲಿ ದಶಕಗಟ್ಟಲೆ ಉಳಿಯಿತು.

ಡಯಾಫ್ರಂ ಪಂಪಿನ ಪರೀಕ್ಷೆಗೆ ಒಂದು ಡಬ್ಬಿ, ಒಂದು ಗಡಿಯಾರ ಸಾಕು. ಕಾರ್ಬ್ಯುರೇಟರಿಗೆ ಬರುವ ಪೈಪನ್ನು ಬಿಚ್ಚಿ ಡಬ್ಬಿಗೆ ಹಿಡಿದು, ಎಂಜಿನ್ ತಿರುಗಿಸಬೇಕು. ಪೆಟ್ರೋಲ್ ಚಿಮ್ಮಿ ಚಿಮ್ಮಿ ಬೀಳಬೇಕು; ಅಮೆರಿಕದ ಸರ್ವಿಸ್ ಪುಸ್ತಕಗಳು ಸಾಮಾನ್ಯವಾಗಿ 30 ಸೆಕೆಂಡಿನೊಳಗೆ ಒಂದು ಪಿಂಟ್, ಅಂದರೆ ಹತ್ತಿರ ಹತ್ತಿರ ಅರ್ಧ ಲೀಟರ್ ಬರಬೇಕೆಂದು ಹೇಳುತ್ತಿದ್ದವು. ಧಾರೆಯಲ್ಲಿ ಗುಳ್ಳೆಗಳಿದ್ದರೆ ಟ್ಯಾಂಕಿನ ಕಡೆಯ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ. ಪಂಪಿನ ತಳದ ಸಣ್ಣ ರಂಧ್ರದಿಂದ ಪೆಟ್ರೋಲ್ ಸೋರಿದರೆ ಡಯಾಫ್ರಂ ಹರಿದಿದೆ. ಹರಿದ ಡಯಾಫ್ರಮ್ಮಿನಿಂದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯುವುದೂ ಉಂಟು. ಆಯಿಲ್ ಕಡ್ಡಿ ಎತ್ತಿ ನೋಡಿದರೆ ಮಟ್ಟ ಏರಿರುತ್ತದೆ, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ ಬಡಿಯುತ್ತದೆ.

ರಿಪೇರಿ ನಡೆಯುತ್ತಿದ್ದುದು ಗ್ಯಾರೇಜಿನ ಬೆಂಚಿನ ಮೇಲೆ. ಎರಡು ಬೋಲ್ಟ್ ಬಿಚ್ಚಿದರೆ ಪಂಪು ಕೈಗೆ ಬರುತ್ತದೆ. ಮೇಲಿನ ಭಾಗ, ಕೆಳಗಿನ ಭಾಗ ಮತ್ತೆ ಅದೇ ಜಾಗಕ್ಕೆ ಕೂರಲೆಂದು ಅಂಚಿಗೆ ಅರದಿಂದ ಗುರುತು ಗೀರಿ, ಸುತ್ತಲಿನ ಸ್ಕ್ರೂ ತೆಗೆದು, ಹೊಸ ಡಯಾಫ್ರಂ, ವಾಲ್ವು, ಗ್ಯಾಸ್ಕೆಟ್ ಇರುವ ಕಿಟ್ ಹಾಕಿದರೆ ಪಂಪಿಗೆ ಮರುಹುಟ್ಟು. ಗಾಜಿನ ಬಟ್ಟಲಿದ್ದ ಪಂಪುಗಳಲ್ಲಿ ತಳದಲ್ಲಿ ಕೂತ ನೀರು, ಕೆಸರು ಹೊರಗಿನಿಂದಲೇ ಕಾಣುತ್ತಿತ್ತು. ಕೆಲವು ಪಂಪುಗಳಿಗೆ ಕೈಯಿಂದ ಒತ್ತುವ ಪುಟ್ಟ ಸನ್ನೆಯೂ ಇತ್ತು. ಬಹಳ ದಿನ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡುವ ಮುನ್ನ ಅದನ್ನು ಒತ್ತಿ ಕಾರ್ಬ್ಯುರೇಟರ್ ತುಂಬಿಸುತ್ತಿದ್ದರು. ಹಳೆಯ ಗಾಡಿಗಳನ್ನು ಇಂದೂ ಇಟ್ಟುಕೊಂಡವರು ಎದುರಿಸುವ ತೊಂದರೆ ಬೇರೆ ಬಗೆಯದು. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರಿನ ಡಯಾಫ್ರಂ ತಾಳುವುದಿಲ್ಲ, ಹೊಸ ಬಗೆಯ ರಬ್ಬರಿನದ್ದನ್ನೇ ಹುಡುಕಿ ಹಾಕಬೇಕು.

ಟಿಕ್ ಟಿಕ್ ಎನ್ನುವ ಪಂಪು

ಬ್ರಿಟನ್ನಿನಲ್ಲಿ ಇದೇ ಕಾಲಕ್ಕೆ ಎಸ್‌ಯು ಕಂಪನಿಯ ವಿದ್ಯುತ್ ಪಂಪು ಜನಪ್ರಿಯವಾಯಿತು. 1953ರಲ್ಲಿ ಬಂದ ಮಾರಿಸ್ ಮೈನರ್ ಪಿಕಪ್ಪಿನಲ್ಲಿದ್ದುದೂ ಇದೇ. ಇದರಲ್ಲಿ ಡಯಾಫ್ರಮ್ಮನ್ನು ಎಳೆಯುವುದು ವಿದ್ಯುತ್ ಕಾಂತ. ಎಳೆತ ಮುಗಿದೊಡನೆ ಒಂದು ಜೊತೆ ಪಾಯಿಂಟ್‌ಗಳು ಕರೆಂಟನ್ನು ಕಡಿಯುತ್ತವೆ, ಸ್ಪ್ರಿಂಗು ಡಯಾಫ್ರಮ್ಮನ್ನು ಹಿಂದೆ ತಳ್ಳುತ್ತದೆ, ಪಾಯಿಂಟ್‌ಗಳು ಮತ್ತೆ ಕೂಡುತ್ತವೆ. ಪ್ರತಿ ಸುತ್ತಿಗೂ ಒಂದು ಟಿಕ್ ಸದ್ದು.

ಆ ಸದ್ದೇ ರೋಗ ಹೇಳುತ್ತಿತ್ತು. ಕೀ ತಿರುಗಿಸಿದಾಗ ನಾಲ್ಕಾರು ಬಾರಿ ಟಿಕ್ ಎಂದು ನಿಂತರೆ ಕಾರ್ಬ್ಯುರೇಟರ್ ತುಂಬಿತು, ಎಲ್ಲ ಸರಿ. ಬಿಡದೆ ವೇಗವಾಗಿ ಟಿಕ್ಕೆನ್ನುತ್ತಿದ್ದರೆ ಟ್ಯಾಂಕು ಖಾಲಿ, ಇಲ್ಲವೇ ಪೈಪು ಗಾಳಿ ಎಳೆಯುತ್ತಿದೆ. ಎಂಜಿನ್ ಆಫ್ ಇದ್ದು ಕೀ ಮಾತ್ರ ಹಾಕಿದ್ದಾಗ ಆಗೊಮ್ಮೆ ಈಗೊಮ್ಮೆ ಟಿಕ್ ಎಂದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಪಾಯಿಂಟ್ ಸುಟ್ಟಿದೆ. ಆಗ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ಒಂದು ಏಟು ಹಾಕಿದರೆ ಅಂಟಿಕೊಂಡ ಪಾಯಿಂಟ್ ಬಿಟ್ಟುಕೊಂಡು ಗಾಡಿ ಮನೆ ಸೇರುತ್ತಿತ್ತು. ಮನೆ ಸೇರಿದ ಮೇಲೆ ಪಾಯಿಂಟ್ ಉಜ್ಜಿ ಹೊಂದಿಸಬೇಕು ಅಥವಾ ಬದಲಿಸಬೇಕು.

ಟ್ಯಾಂಕಿನ ಒಳಕ್ಕೆ

ಅಮೆರಿಕದಲ್ಲಿ 1970ರ ಕ್ಲೀನ್ ಏರ್ ಕಾಯ್ದೆ ಹೊಗೆಯ ಮೇಲೆ ಬಿಗಿ ಮಿತಿ ಹಾಕಿತು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಕರಾರುವಾಕ್ಕಾಗಿರಬೇಕು. ಕಾರ್ಬ್ಯುರೇಟರಿಗೆ ಅದು ಕಷ್ಟ. ಹೀಗೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂತು. ಜರ್ಮನಿಯ ಬಾಷ್ 1967ರಲ್ಲೇ ಇದನ್ನು ಫೋಕ್ಸ್‌ವ್ಯಾಗನ್ ಕಾರಿಗೆ ಅಳವಡಿಸಿತ್ತು. ಪಿಕಪ್‌ಗಳಿಗೆ ಬರಲು ಇನ್ನಷ್ಟು ಕಾಲ ಹಿಡಿಯಿತು: ಫೋರ್ಡ್ ಎಫ್-150ರ 5.0 ಲೀಟರ್ ಎಂಜಿನ್ನಿಗೆ 1985ರಲ್ಲಿ, ಷೆವ್ರೊಲೆ ಮತ್ತು ಜಿಎಂಸಿ ಪಿಕಪ್‌ಗಳಿಗೆ 1987ರಲ್ಲಿ.

ಇಂಜೆಕ್ಟರಿಗೆ ಡಯಾಫ್ರಂ ಪಂಪಿನ ಒತ್ತಡ ಸಾಲದು. ಷೆವ್ರೊಲೆ, ಜಿಎಂಸಿಗಳನ್ನು ತಯಾರಿಸುವ ಜನರಲ್ ಮೋಟಾರ್ಸ್‌ನ (ಜಿಎಂ) ಥ್ರಾಟಲ್ ಬಾಡಿ ಇಂಜೆಕ್ಷನ್ನಿಗೆ 9ರಿಂದ 13 ಪಿಎಸ್‌ಐ ಬೇಕಿತ್ತು. 1996ರಲ್ಲಿ ಬಂದ ಅದೇ ಕಂಪನಿಯ ವೋರ್ಟೆಕ್ ಎಂಜಿನ್ನಿಗೆ 60ರಿಂದ 66 ಪಿಎಸ್‌ಐ. ಇಷ್ಟು ಒತ್ತಡ ಕೊಡುವ ವಿದ್ಯುತ್ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ. ಹಾಗಾಗಿ ಅದನ್ನು ಪೆಟ್ರೋಲಿನಲ್ಲೇ ಮುಳುಗಿಸಿಡುವುದು ಸರಿಯಾದ ದಾರಿಯಾಯಿತು. ಆವಿ ಹಿಡಿಯುವ ಕಾಟ ತಪ್ಪಿತು, ಸದ್ದು ತಗ್ಗಿತು, ಸುತ್ತಲಿನ ಪೆಟ್ರೋಲೇ ಮೋಟಾರನ್ನು ತಂಪಾಗಿಟ್ಟಿತು. ಪೆಟ್ರೋಲಿನೊಳಗೆ ವಿದ್ಯುತ್ ಮೋಟಾರ್ ತಿರುಗಿದರೂ ಬೆಂಕಿ ಹತ್ತದಿರುವುದಕ್ಕೆ ಕಾರಣ, ಉರಿಯಲು ಬೇಕಾದಷ್ಟು ಗಾಳಿ ಅಲ್ಲಿ ಇಲ್ಲದಿರುವುದು. ಫೋರ್ಡ್ ಮೊದಲಿಗೆ ಎರಡೂ ಕಡೆ ಕಾಲಿಟ್ಟಿತು: 1980ರ ದಶಕದ ಅದರ ಪಿಕಪ್‌ಗಳಲ್ಲಿ ಟ್ಯಾಂಕಿನೊಳಗೆ ಕಡಿಮೆ ಒತ್ತಡದ ಪಂಪು, ಚಾಸಿಯ ಮೇಲೆ ಹೆಚ್ಚು ಒತ್ತಡದ ಪಂಪು. 1990ರ ಹೊತ್ತಿಗೆ ಟ್ಯಾಂಕಿನೊಳಗಿನ ಪಂಪೊಂದೇ ಉಳಿಯಿತು.

ಪೆಟ್ರೋಲು ತಂಪು ಮಾಡುವ ಪಂಪಿಗೆ ಪೆಟ್ರೋಲ್ ಕಡಿಮೆಯಾದರೆ ಆಯುಸ್ಸೂ ಕಡಿಮೆ. ಸದಾ ರಿಸರ್ವ್‌ನಲ್ಲೇ ಓಡಿಸುವ ಗಾಡಿಯಲ್ಲಿ ಮೋಟಾರು ಬಿಸಿಯೇರುತ್ತದೆ, ತಳದ ಕೆಸರು ಪಂಪಿನ ಬಾಯಿಯ ಜಾಲರಿಗೆ ಬರುತ್ತದೆ, ಬ್ರಷ್‌ಗಳು ಬೇಗ ಸವೆಯುತ್ತವೆ.

ಅಳತೆಯ ಕಸುಬು

ಪಂಪು ಕಣ್ಣಿಗೆ ಬೀಳದಂತಾದ ಮೇಲೆ ಗ್ಯಾರೇಜುಗಳಲ್ಲಿ ಒಂದು ಕ್ರಮ ರೂಢಿಗೆ ಬಂತು. ಮೊದಲ ಹೆಜ್ಜೆ ಕಿವಿಯದೇ. ಕೀ ಆನ್ ಮಾಡಿದೊಡನೆ ಎಂಜಿನ್ನಿನ ಕಂಪ್ಯೂಟರು ಸುಮಾರು ಎರಡು ಸೆಕೆಂಡು ಪಂಪನ್ನು ಓಡಿಸುತ್ತದೆ; ಟ್ಯಾಂಕಿನ ಕಡೆಯಿಂದ ಗುಂಯ್ ಎಂಬ ಸದ್ದು ಕೇಳಬೇಕು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ ನೋಡಬೇಕು. ಫೋರ್ಡ್ ಪಿಕಪ್ಪುಗಳಲ್ಲಿ ಅಪಘಾತವಾದಾಗ ಪಂಪನ್ನು ನಿಲ್ಲಿಸಲೆಂದು ಒಂದು ಸ್ವಿಚ್ಚು ಇರುತ್ತಿತ್ತು. ದೊಡ್ಡ ಗುಂಡಿಗೆ ಗಾಡಿ ಬಿದ್ದರೂ ಅದು ಕಡಿದುಕೊಳ್ಳುತ್ತಿತ್ತು, ಅದರ ಬಟನ್ ಒತ್ತಿದರೆ ಸರಿಹೋಗುತ್ತಿತ್ತು. ಆಗಿನ ಜಿಎಂ ಪಿಕಪ್ಪುಗಳಲ್ಲಿ ಇನ್ನೊಂದು ವಿಶೇಷವಿತ್ತು. ರಿಲೇ ಕೆಟ್ಟರೂ ಆಯಿಲ್ ಪ್ರೆಷರ್ ಸ್ವಿಚ್ಚಿನ ಮೂಲಕ ಪಂಪಿಗೆ ಕರೆಂಟ್ ಸಿಗುತ್ತಿತ್ತು. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದು, ಆಯಿಲ್ ಒತ್ತಡ ಏರಿದ ಮೇಲಷ್ಟೇ ಗಾಡಿ ಸ್ಟಾರ್ಟ್ ಆದರೆ ಅನುಭವಿ ಮೆಕ್ಯಾನಿಕ್ ಪಂಪನ್ನು ಮುಟ್ಟದೆ ಮೊದಲು ರಿಲೇ ಬದಲಿಸುತ್ತಿದ್ದ.

ಆಮೇಲೆ ಗೇಜು. ಬಹಳಷ್ಟು ಎಂಜಿನ್ನುಗಳ ಇಂಧನ ಪೈಪಿನಲ್ಲಿ ಟೈರಿನ ವಾಲ್ವಿನಂಥದೇ ಒಂದು ಪರೀಕ್ಷಾ ವಾಲ್ವ್ ಇರುತ್ತದೆ; ಅಲ್ಲಿ ಗೇಜು ಜೋಡಿಸಿ ಒತ್ತಡ ಓದಬೇಕು. ಐಡಲ್‌ನಲ್ಲಿ ಸರಿ ಇದ್ದು ಆಕ್ಸಿಲರೇಟರ್ ಒತ್ತಿದಾಗ ಮುಳ್ಳು ಕುಸಿದರೆ ಪಂಪು ಸೋತಿದೆ ಅಥವಾ ಫಿಲ್ಟರ್ ಕಟ್ಟಿದೆ. ಎಂಜಿನ್ ನಿಲ್ಲಿಸಿದ ಮೇಲೆ ಮುಳ್ಳು ಬೇಗ ಇಳಿದರೆ ಪಂಪಿನೊಳಗಿನ ವಾಲ್ವ್, ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್, ಇಂಜೆಕ್ಟರ್ ಈ ಮೂರರಲ್ಲಿ ಒಂದು ಸೋರುತ್ತಿದೆ. ರೆಗ್ಯುಲೇಟರಿನ ನಿರ್ವಾತ ಪೈಪನ್ನು ಕಿತ್ತು ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಕಳ್ಳ ಸಿಕ್ಕಿದ ಹಾಗೆ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆ ಪಿ0171, ಪಿ0087 ಮುಂತಾದ ಕೋಡ್‌ಗಳನ್ನು ತೋರಿಸುತ್ತದೆ. ಮೊದಲನೆಯದು ಗಾಳಿಗೆ ತಕ್ಕಷ್ಟು ಇಂಧನ ಬರುತ್ತಿಲ್ಲ ಎನ್ನುತ್ತದೆ, ಎರಡನೆಯದು ಒತ್ತಡ ಕಡಿಮೆ ಎನ್ನುತ್ತದೆ. ಕಾರಣವನ್ನು ಎರಡೂ ಹೇಳುವುದಿಲ್ಲ.

ಹೊಸ ಪಂಪು ಹಾಕಿದ ಮೇಲೂ ಹಳೆಯ ದೋಷ ಮರುಕಳಿಸುವುದಕ್ಕೆ ಮುಖ್ಯ ಕಾರಣ ವೈರಿಂಗ್. ಟ್ಯಾಂಕಿನ ಮೇಲಿನ ಕನೆಕ್ಟರ್ ಸುಟ್ಟಿದ್ದರೆ, ಚಾಸಿಗೆ ಕೊಟ್ಟ ಅರ್ಥ್ ತುಕ್ಕು ಹಿಡಿದಿದ್ದರೆ ಪಂಪಿಗೆ ಬರುವ ವೋಲ್ಟೇಜೇ ಕಡಿಮೆ. ಆದ್ದರಿಂದ ಪಂಪು ಓಡುತ್ತಿರುವಾಗಲೇ ಅದರ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯುವುದು ನಿಯಮ. 1990ರ ದಶಕದಲ್ಲಿ ಕರೆಂಟ್ ಕ್ಲಾಂಪ್ ಮತ್ತು ಆಸಿಲೋಸ್ಕೋಪ್ ಗ್ಯಾರೇಜಿಗೆ ಬಂದ ಮೇಲೆ ಟ್ಯಾಂಕ್ ಬಿಚ್ಚದೆಯೇ ಪಂಪಿನ ಒಳಗನ್ನು ನೋಡುವುದು ಸಾಧ್ಯವಾಯಿತು. ಮೋಟಾರಿನಲ್ಲಿ ಬ್ರಷ್‌ಗಳು ತಾಕುವ ಪ್ರತಿ ಕಮ್ಯುಟೇಟರ್ ಪಟ್ಟಿಯೂ ಪರದೆಯ ಮೇಲೆ ಒಂದು ಉಬ್ಬಾಗಿ ಮೂಡುತ್ತದೆ. ಉಬ್ಬುಗಳು ಒಂದೇ ಸಮನಾಗಿದ್ದರೆ ಮೋಟಾರ್ ಆರೋಗ್ಯವಾಗಿದೆ. ಒಂದು ಉಬ್ಬು ಕುಗ್ಗಿದ್ದರೆ ಆ ಪಟ್ಟಿ ಸವೆದಿದೆ, ಮೋಟಾರು ಅಲ್ಲೇ ನಿಂತ ದಿನ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಅಂಥ ದಿನ ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಹೊಡೆದರೆ ಎಂಜಿನ್ ಎದ್ದುಬಿಡುವುದುಂಟು. ಅದು ರಿಪೇರಿಯಲ್ಲ, ಪಂಪು ಹೋಗಿದೆ ಎಂಬುದಕ್ಕೆ ಸಾಕ್ಷಿ.

ಬಾಡಿ ಎತ್ತುವುದೋ, ಟ್ಯಾಂಕ್ ಇಳಿಸುವುದೋ

ಬದಲಿಸುವಾಗ ಬ್ಯಾಟರಿ ಕಳಚಿ, ಪೈಪಿನ ಒತ್ತಡ ಇಳಿಸಿ, ಟ್ಯಾಂಕಿನ ಪೆಟ್ರೋಲನ್ನು ಆದಷ್ಟು ಖಾಲಿ ಮಾಡಿಕೊಳ್ಳುವುದು ಎಲ್ಲ ಗಾಡಿಗಳಿಗೂ ಒಂದೇ. ಆ ಮೇಲಿನ ದಾರಿ ಪಿಕಪ್ಪಿಗೆ ಎರಡು. ಟ್ಯಾಂಕಿನ ಪಟ್ಟಿಗಳನ್ನು ಸಡಿಲಿಸಿ ಜಾಕಿಯ ಮೇಲೆ ಇಳಿಸುವುದು ಮೊದಲನೆಯದು. ಸರಕಿನ ಬಾಡಿಯನ್ನು ಚಾಸಿಗೆ ಬಿಗಿದ ಆರೆಂಟು ಬೋಲ್ಟ್ ತೆಗೆದು, ಟೇಲ್ ಲೈಟಿನ ವೈರು ಮತ್ತು ಪೆಟ್ರೋಲ್ ತುಂಬುವ ಬಾಯಿಯನ್ನು ಬಿಡಿಸಿ, ನಾಲ್ಕು ಜನ ಸೇರಿ ಬಾಡಿ ಎತ್ತುವುದು ಎರಡನೆಯದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ತುಕ್ಕು ಹಿಡಿದ ಬೋಲ್ಟು ಮುರಿಯುವುದೇ ಹೆಚ್ಚು. ಕೆಲವರು ಬಾಡಿಯ ತಗಡನ್ನು ಕತ್ತರಿಸಿ ಕಿಂಡಿ ಮಾಡುವುದೂ ಇದೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಕಿಡಿ ಹಾರಿಸುವ ಆ ಕೆಲಸ ಜೀವಕ್ಕೆ ಅಪಾಯ.

ಪಂಪನ್ನು ಹಿಡಿದಿಡುವ ಬಳೆಯನ್ನು ಕಬ್ಬಿಣದ ಉಳಿಯಿಂದ ಹೊಡೆಯಬಾರದು. ಕಿಡಿ ಹಾರದ ಹಿತ್ತಾಳೆಯ ಕಡ್ಡಿಯಿಂದ ತಟ್ಟಿ ತಿರುಗಿಸಬೇಕು. ಬಳೆ ತೆಗೆಯುವ ಮುನ್ನ ಸುತ್ತಲಿನ ಮಣ್ಣು ಊದದಿದ್ದರೆ ಅಷ್ಟೂ ಟ್ಯಾಂಕಿಗೆ ಬೀಳುತ್ತದೆ. ಹೊಸ ಪಂಪಿನೊಂದಿಗೆ ಹೊಸ ರಬ್ಬರ್ ಸೀಲು, ಹೊಸ ಜಾಲರಿ, ಹೊಸ ಫಿಲ್ಟರ್ ಹಾಕಬೇಕು. ಟ್ಯಾಂಕಿನ ತಳದಲ್ಲಿ ತುಕ್ಕಿದ್ದರೆ ತೊಳೆಯದೆ ಮುಚ್ಚಿದ ಕೆಲಸ ಮತ್ತೆ ಗ್ಯಾರೇಜಿಗೇ ಬರುತ್ತದೆ.

ಡೀಸೆಲ್ ಪಂಪು ಮತ್ತು ಬೆಂಗಳೂರು

ಡೀಸೆಲ್ ಗಾಡಿಯ ಪಂಪಿನ ಕಥೆ ಬೇರೆ. ಬಾಷ್ 1927ರಲ್ಲಿ ಇನ್‌ಲೈನ್ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಸ್ಪಾರ್ಕ್ ಪ್ಲಗ್ಗಿನ ಜೊತೆಗೆ ಈ ಪಂಪುಗಳನ್ನು ಆಡುಗೋಡಿಯಲ್ಲಿ ತಯಾರಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಮೈಕೊ ಲೇಔಟ್ ಎಂಬ ಬಡಾವಣೆ ಹಳೆಯ ಹೆಸರನ್ನು ಉಳಿಸಿಕೊಂಡಿದೆ. ಕರ್ನಾಟಕದ ಲಾರಿ, ಟ್ರ್ಯಾಕ್ಟರ್‌ಗಳ ಲೋಕದಲ್ಲಿ ಮೈಕೊ ಎಂಬುದು ಪಂಪಿಗೆ ಮನೆಮಾತಾಯಿತು.

ಈ ಪಂಪಿನಲ್ಲಿ ಡೀಸೆಲ್ಲನ್ನು ಒತ್ತುವ ಪ್ಲಂಜರು ಮತ್ತು ಅದು ಆಡುವ ಬ್ಯಾರೆಲ್ಲಿನ ನಡುವಿನ ಅಂತರ ಕೆಲವೇ ಮೈಕ್ರಾನ್. ಒಂದು ಜೋಡಿಯ ಪ್ಲಂಜರ್ ಇನ್ನೊಂದಕ್ಕೆ ಹೊಂದದು. ಆದ್ದರಿಂದ ಇದು ರಸ್ತೆ ಬದಿಯ ಗ್ಯಾರೇಜಿನ ಕೆಲಸವಾಗದೆ, ಪಟ್ಟಣಕ್ಕೊಂದೆರಡರಂತೆ ಪ್ರತ್ಯೇಕ ಪಂಪ್ ಸರ್ವಿಸ್ ಅಂಗಡಿಗಳು ಹುಟ್ಟಿದವು. ಅಲ್ಲಿ ಪಂಪನ್ನು ಟೆಸ್ಟ್ ಬೆಂಚಿಗೆ ಏರಿಸಿ ತಿರುಗಿಸಿದಾಗ ಪ್ರತಿ ಸಿಲಿಂಡರಿನ ಡೀಸೆಲ್ ಸಾಲಾಗಿ ನಿಂತ ಗಾಜಿನ ಕೊಳವೆಗಳಿಗೆ ಬೀಳುತ್ತದೆ. ಎಲ್ಲ ಕೊಳವೆಗಳಲ್ಲೂ ಮಟ್ಟ ಸಮನಾಗುವವರೆಗೆ ಹೊಂದಿಸಿ, ಕೊನೆಗೆ ಸೀಲ್ ಹಾಕುತ್ತಾರೆ. ರಸ್ತೆಯಲ್ಲಿ ಚಾಲಕನೇ ಮಾಡಿಕೊಳ್ಳುವುದು ಏರ್ ತೆಗೆಯುವ ಕೆಲಸ: ಫಿಲ್ಟರಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಗುಬುಟನ್ನು ಕೈಯಿಂದ ಒತ್ತುತ್ತ, ನೊರೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಕಾದು, ಸ್ಕ್ರೂ ಬಿಗಿಯುವುದು.

ಅಮೆರಿಕದ ಡಾಜ್ ಪಿಕಪ್ಪಿಗೆ 1989ರಲ್ಲಿ ಕಮಿನ್ಸ್ ಡೀಸೆಲ್ ಎಂಜಿನ್ ಬಂದಾಗ ಅದರ ಮೇಲೂ ಬಾಷ್ ಪಂಪೇ ಇತ್ತು. 1994ರಿಂದ ಇನ್‌ಲೈನ್ ಬಗೆಯದು. 1998ರ ನಡುವೆ ಬಂದ ವಿಪಿ44 ಎಂಬ ಎಲೆಕ್ಟ್ರಾನಿಕ್ ಪಂಪು ಆ ಗಾಡಿಗಳ ಮಾಲೀಕರಿಗೆ ಹೊಸ ಪಾಠ ಕಲಿಸಿತು. ಅದರ ಭಾಗಗಳನ್ನು ತಂಪಾಗಿಡುವುದೂ ನುಣುಪಾಗಿಡುವುದೂ ಒಳಬರುವ ಡೀಸೆಲ್ಲೇ. ಅದಕ್ಕೆ ಡೀಸೆಲ್ ತಂದುಕೊಡುವ ಅಗ್ಗದ ಲಿಫ್ಟ್ ಪಂಪು ಸದ್ದಿಲ್ಲದೆ ಸೋತರೆ ದುಬಾರಿ ಇಂಜೆಕ್ಷನ್ ಪಂಪು ಸುಡುತ್ತಿತ್ತು. ಅಂಥ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಡೀಸೆಲ್ ಒತ್ತಡದ ಗೇಜು ಕೂರಿಸಿಕೊಳ್ಳುವುದು ರೂಢಿಯಾಯಿತು.

1997ರಲ್ಲಿ ಕಾರುಗಳಿಗೆ ಬಂದ, ಎಲ್ಲ ಇಂಜೆಕ್ಟರುಗಳಿಗೂ ರೈಲ್ ಎಂಬ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲ್ ವ್ಯವಸ್ಥೆಯ ಒತ್ತಡ ಮೊದಲ ಪೀಳಿಗೆಯಲ್ಲೇ 1,350 ಬಾರ್ ಮುಟ್ಟಿತು. ಭಾರತದಲ್ಲಿ ಹೊಗೆ ನಿಯಮ ಬಿಗಿಯಾದಂತೆ, ಅದರಲ್ಲೂ 2017ರ ಬಿಎಸ್-4 ಮತ್ತು 2020ರ ಬಿಎಸ್-6ರ ನಂತರ, ಪಿಕಪ್ಪುಗಳಿಗೂ ಅದೇ ಗತಿಯಾಯಿತು. ಇಷ್ಟು ಒತ್ತಡದ ಪೈಪನ್ನು ಎಂಜಿನ್ ಓಡುವಾಗ ಸಡಿಲಿಸಿ ನೋಡುವ ಹಳೆಯ ಅಭ್ಯಾಸ ಈಗ ಅಪಾಯಕಾರಿ; ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ. ಸ್ಕ್ಯಾನರಿನಲ್ಲಿ ಕಂಪ್ಯೂಟರು ಕೇಳಿದ ಒತ್ತಡವನ್ನೂ ರೈಲಿನಲ್ಲಿ ಸಿಕ್ಕ ಒತ್ತಡವನ್ನೂ ಪಕ್ಕಪಕ್ಕ ಇಟ್ಟು ಓದುವುದೇ ಈಗಿನ ಪದ್ಧತಿ.

ಪೆಟ್ರೋಲ್ ಪಿಕಪ್ಪುಗಳೂ ಡೀಸೆಲ್ಲಿನ ದಾರಿ ಹಿಡಿದಿವೆ. 2014ರ ಮಾದರಿಯ ಷೆವ್ರೊಲೆ ಸಿಲ್ವರಾಡೊದ ಎಂಜಿನ್ನುಗಳಲ್ಲಿ ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸಲು 2,000 ಪಿಎಸ್‌ಐ ದಾಟುವ ಒತ್ತಡ ಬೇಕು. ಅದಕ್ಕಾಗಿ ಎರಡು ಪಂಪುಗಳು: ಟ್ಯಾಂಕಿನೊಳಗೆ ವಿದ್ಯುತ್ತಿನದು, ಎಂಜಿನ್ನಿನ ಮೇಲೆ ಕ್ಯಾಮ್‌ಶಾಫ್ಟ್ ಓಡಿಸುವ ಮೆಕ್ಯಾನಿಕಲ್ ಪಂಪು. ಟ್ಯಾಂಕಿನ ಪಂಪಿನ ವೇಗವನ್ನೂ ಪ್ರತ್ಯೇಕ ಮಾಡ್ಯೂಲ್ ಒಂದು ಬೇಕಾದಷ್ಟಕ್ಕೆ ಏರಿಸಿ ಇಳಿಸುತ್ತದೆ. ಒತ್ತಡ ಕಡಿಮೆ ಎಂಬ ಕೋಡ್ ಬಂದಾಗ ಮೆಕ್ಯಾನಿಕ್ ಮೊದಲು ಬಿಡಿಸಬೇಕಾದ ಗಂಟು, ದೋಷ ಕೆಳಗಿನ ಪಂಪಿನದೋ ಮೇಲಿನ ಪಂಪಿನದೋ ಎಂಬುದು. ಮೇಲಿನ ಪಂಪಿಗೆ ಬರುವ ಪೆಟ್ರೋಲಿನ ಒತ್ತಡವನ್ನು ಅಳೆಯಬೇಕು. ಅದು ಕಡಿಮೆ ಇದ್ದರೆ ಟ್ಯಾಂಕು, ಮಾಡ್ಯೂಲು, ವೈರಿಂಗ್ ನೋಡಬೇಕು. ಸರಿ ಇದ್ದರೆ ಎಂಜಿನ್ನಿನ ಮೇಲಿನ ಪಂಪು ಮತ್ತು ಅದನ್ನು ಓಡಿಸುವ ಕ್ಯಾಮ್ ನೋಡಬೇಕು.